ಹೊನ್ನಾವರದಲ್ಲೇ ಸಡಿಲವಾಗುತ್ತಿದ್ದ ನಟ್ಟು

ನಮ್ಮ ಮನೆಯವರೆಲ್ಲ ಹೇಳುವ ಕತೆ ಹೀಗಿದೆ: ಮಾವನ ಹಳೆಯ ಕಾರು ಹೊನ್ನಾವರದಲ್ಲಿ ನಿಲ್ಲುತ್ತಿದ್ದದ್ದು ಮಾವನಿಗೆ ಅಲ್ಲಿ ಚಹಾ ಬೇಕಾಗಿದ್ದರಿಂದ. ಕಾರಿನಲ್ಲಿ ದೋಷ ಇರಲಿಲ್ಲ, ದೋಷ ಇದ್ದದ್ದು ಓಡಿಸುವವನಲ್ಲಿ. ಸರ್ಕಲ್ಲಿನ ಪಕ್ಕದ ಚಹಾದಂಗಡಿಯಲ್ಲಿ ಅವನ ಜೊತೆ ಬೋಟಿಗೆ ಹೋಗುತ್ತಿದ್ದ ಗೆಳೆಯರು ಕೂತಿರುತ್ತಾರೆ. ಅವರನ್ನು ಕಂಡ ಕೂಡಲೇ ಅವನ ಕಾಲು ಆಕ್ಸಿಲರೇಟರಿನಿಂದ ತಾನಾಗಿ ಮೇಲೇಳುತ್ತದೆ, ಎಂಜಿನ್ ಸಾಯುತ್ತದೆ. ನೆಂಟರು ಸೇರಿದಲ್ಲೆಲ್ಲ ಈ ಕತೆ ಒಂದು ಸಲ ಹೊರಗೆ ಬರುತ್ತದೆ, ಎಲ್ಲರೂ ನಗುತ್ತಾರೆ. ಹೇಳುವವರಲ್ಲಿ ಮೊದಲಿಗಳು ಅತ್ತೆ.

ನಾನು ಈ ಕತೆಯನ್ನು ಒಪ್ಪುವುದಿಲ್ಲ. ಯಾವುದನ್ನೂ ಒಪ್ಪದಿರುವುದು ನನ್ನ ಹುಟ್ಟುಗುಣ ಎಂದು ಮನೆಯವರು ಹೇಳುತ್ತಾರೆ, ಅದನ್ನೂ ಒಪ್ಪುವುದಿಲ್ಲ. ಅದು ಹುಟ್ಟುಗುಣವಲ್ಲ, ಕಲಿತದ್ದು. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಿಗೆ ಓಡಾಡಿ, ಚೀಟಿಯಲ್ಲಿ ಬಂದ ಪಕ್ಷವನ್ನು ಹಿಡಿದು ಎದುರಿನವರ ಮಾತಿನಲ್ಲಿ ಬಿರುಕು ಹುಡುಕುವುದನ್ನು ಅಭ್ಯಾಸ ಮಾಡಿಕೊಂಡವಳು ನಾನು. ಯಾರಾದರೂ ‘ಯಾವಾಗಲೂ ಹೀಗೇ’ ಎಂದರೆ ‘ಯಾವಾಗ ಹೀಗಲ್ಲ?’ ಎಂದು ಕೇಳಬೇಕು, ಅದು ನಮಗೆ ಹೇಳಿಕೊಟ್ಟ ಮೊದಲ ಪಾಠ. ಮಾವನ ಕಾರಿನ ವಿಷಯದಲ್ಲಿ ಆ ಪ್ರಶ್ನೆಯನ್ನು ಅಷ್ಟು ವರ್ಷ ಒಬ್ಬರೂ ಕೇಳಿರಲಿಲ್ಲ.

ಮಾವ ಅಂದರೆ ಅಮ್ಮನ ಅಣ್ಣ, ಅತ್ತೆ ಅವನ ಹೆಂಡತಿ. ಮನೆ ಭಟ್ಕಳದ ಹತ್ತಿರದ ಬೆಳಕೆಯಲ್ಲಿ. ಕಾಲೇಜು ಓದುವಾಗ ನಾನು ಅವನ ಮನೆಯಲ್ಲೇ ಇದ್ದೆ. ಇಪ್ಪತ್ತು ಇಪ್ಪತ್ತೈದು ವರ್ಷ ಮೀನಿನ ಬೋಟಿನಲ್ಲಿ ಎಂಜಿನ್ ನೋಡಿಕೊಂಡವನು; ಮೊಣಕಾಲು ಕೈಕೊಟ್ಟ ಮೇಲೆ ಬೋಟು ಬಿಟ್ಟ. ಬಿಟ್ಟ ವರ್ಷವೇ ಎಲ್ಲಿಂದಲೋ ಒಂದು ಹಳೆಯ ಪೆಟ್ರೋಲ್ ಕಾರು ತಂದ. ಅದು ನನಗಿಂತ ವಯಸ್ಸಿನಲ್ಲಿ ಬಹಳ ದೊಡ್ಡದು. ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲಿ, ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ, ಬಣ್ಣ ಹಾಲು ಹೆಚ್ಚಾದ ಚಹಾದ್ದು. ಈಗಿನ ಕಾರುಗಳಲ್ಲಿ ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಕೊಡುತ್ತದೆ. ಇದರಲ್ಲಿ ಆ ಕೆಲಸ ಕಾರ್ಬೊರೇಟರಿನದು. ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಕಳಿಸುವ, ತೆಂಗಿನಕಾಯಿಯಷ್ಟು ದೊಡ್ಡ ಲೋಹದ ಗಂಟು ಅದು. ಎರಡು ನಟ್ಟುಗಳು ಅದನ್ನು ಎಂಜಿನ್ನಿಗೆ ಬಿಗಿದು ಕೂರಿಸಿರುತ್ತವೆ. ನನ್ನ ವಾದವೆಲ್ಲ ನಿಂತಿರುವುದು ಆ ಎರಡು ನಟ್ಟುಗಳ ಮೇಲೆ.

ಕಾರು ಇದ್ದದ್ದು ಶೋಕಿಗಲ್ಲ. ಅತ್ತೆ ಒಣಮೀನಿನ ವ್ಯಾಪಾರದವಳು. ವಾರಕ್ಕೊಮ್ಮೆ ಕುಮಟಾದ ಸಂತೆಗೆ ಒಣಬಂಗಡೆ ಮತ್ತು ಒಣ ಶೆಟ್ಲಿ, ಅಂದರೆ ಸಣ್ಣ ಸೀಗಡಿ, ಮೂಟೆ ಕಟ್ಟಿಕೊಂಡು ಹೋಗುತ್ತಾಳೆ. ಮೂಟೆಗಳು ಹಿಂದಿನ ಸೀಟಿನಲ್ಲಿ. ಕಾರು ಅಂಗಳಕ್ಕೆ ತಿರುಗುವ ಮೊದಲೇ ನೆರೆಮನೆಯ ಬೆಕ್ಕುಗಳು ಬಂದು ಸಾಲಾಗಿ ಕೂರುತ್ತಿದ್ದವು. ಸಂತೆಯಲ್ಲಿ ಅತ್ತೆಗೆ ಮಾವಿನ ಮರದ ಕೆಳಗೆ ಒಂದು ಜಾಗವಿತ್ತು. ಯಾರೂ ಬರೆದುಕೊಟ್ಟ ಜಾಗವಲ್ಲ. ಮೊದಲು ಬಂದು ಗೋಣಿ ಹಾಸಿದವರದ್ದು. ಹೊನ್ನಾವರದಲ್ಲಿ ಕಾರು ನಿಂತ ದಿನ ನೆರಳು ಬೇರೆಯವರ ಪಾಲಾಗಿ, ಅತ್ತೆ ಬಿಸಿಲಿನ ಅಂಚಿನಲ್ಲಿ ಕೊಡೆ ಬಿಡಿಸಿಕೊಂಡು ಕೂರಬೇಕಾಗುತ್ತಿತ್ತು.

ಹೋಗುವಾಗಲೂ ನಿಲ್ಲುತ್ತಿತ್ತು, ಬರುವಾಗಲೂ ನಿಲ್ಲುತ್ತಿತ್ತು. ಎಲ್ಲ ವಾರವೂ ಅಲ್ಲ, ಆದರೆ ನಿಂತರೆ ಅಲ್ಲೇ. ಮಾವ ಬಾನೆಟ್ ಎತ್ತಿ, ಪಾನಾ ಹಿಡಿದು ಕೈಗೆ ಸಿಕ್ಕಿದ್ದನ್ನೆಲ್ಲ ಒಂದೊಂದು ಸುತ್ತು ಬಿಗಿದು, ‘ಸ್ವಲ್ಪ ತಣೀಲಿ’ ಎಂದು ಚಹಾದಂಗಡಿಗೆ ಹೋಗುತ್ತಿದ್ದ. ಅತ್ತೆ ಕಾರಿನಲ್ಲೇ. ಕುಮಟಾದಿಂದ ಮರಳುವ ಹೊತ್ತಾದರೆ ಬೆಳಚು ಮಾರುವ ಹೆಂಗಸೊಬ್ಬಳು, ಹೊಳೆಯಲ್ಲಿ ಮುಳುಗಿ ತೆಗೆದ ಚಿಪ್ಪುಗಳ ಬುಟ್ಟಿ ಇಳಿಸಿ, ಕಿಟಕಿಗೆ ಬರುತ್ತಿದ್ದಳು. ಅತ್ತೆಯ ತವರಿನ ಕೇರಿಯವಳು. ಇಬ್ಬರೂ ಒಂದೇ ಶಾಲೆಗೆ ಹೋದವರು. ಅವಳು ಮದುವೆಯಾಗಿ ಶರಾವತಿಯ ದಡಕ್ಕೆ ಬಂದಳು, ಅತ್ತೆ ಬೆಳಕೆಗೆ.

‘ಇವತ್ತೂ ನಿಂತ್ತಾ ನಿನ್ನ ವಿಮಾನ?’

‘ನಿಲ್ದೇ ಎಂತ ಮಾಡ್ತದೆ? ಹೊಡಿಯೋವ್ರಿಗೆ ಚಾ ಬೇಕಲ್ಲ!’

ಅಲ್ಲಿಂದ ಶುರುವಾದರೆ ಅರ್ಧ ಗಂಟೆ ಇಬ್ಬರೂ ಸೇರಿ ಕಾರಿಗೆ ಬೈಯುತ್ತಿದ್ದರು. ನಡುನಡುವೆ ತವರಿನ ಕೇರಿಯ ಸುದ್ದಿ. ನಾನು ಹಿಂದಿನ ಸೀಟಿನಲ್ಲಿ ಶೆಟ್ಲಿ ಮೂಟೆಗೆ ಒರಗಿ ಮೊಬೈಲ್ ನೋಡುತ್ತಿದ್ದೆ.

ಪದವಿಯ ಕೊನೆಯ ಪರೀಕ್ಷೆಯ ಹಿಂದಿನ ವರ್ಷ, ಬೇಸಿಗೆ ರಜೆ ಶುರುವಾದ ವಾರವೇ ಅತ್ತೆಯ ತಾಳ್ಮೆಯೂ ಮುಗಿಯಿತು. ಕುಮಟಾದಲ್ಲಿ ಹಳೆಯ ಗಾಡಿಗಳನ್ನು ಕೊಂಡು, ಬಿಚ್ಚಿ, ಭಾಗ ಭಾಗವಾಗಿ ಮಾರುವವನೊಬ್ಬ ಈ ಕಾರನ್ನು ಬಹಳ ದಿನದಿಂದ ಕೇಳುತ್ತಿದ್ದ.

‘ಇನ್ನೆರಡು ಸಂತೆ’ ಅಂದಳು ಅತ್ತೆ, ಬಂಗಡೆ ಒಣಹಾಕುತ್ತ. ‘ಎರಡನೇ ಸಂತೆಗೂ ಹೊನ್ನಾವರದಲ್ಲಿ ನಿಂತ್ರೆ, ಆ ದಿನವೇ ಕುಮ್ಟೆಗೆ ಹೋಗಿ ಚಾವಿ ಅವಂಗೆ ಕೊಟ್ಟು ಬರುದು. ನಾ ಟೆಂಪೋದಲ್ಲಿ ಹೋಗ್ತೆ.’

‘ಟೆಂಪೋದವ ಒಣಮೀನು ಹತ್ತಿಸ್ಕಂತ್ನಾ?’ ಅಂದ ಮಾವ.

‘ಟೆಂಪೋದ ಮೇಲೆ ಹಾಕ್ತ. ಅದಾದ್ರೂ ಕುಮ್ಟೆ ಮುಟ್ತದೆ.’

ಮಾವ ಹೊರಗೆ ಹೋಗಿ ಕಾರಿನ ಗಾಜು ಒರೆಸತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಬೋಟು ಬಿಟ್ಟ ಮೇಲೆ ಅವನ ಕೈಗೆ ಉಳಿದಿದ್ದ ಎಂಜಿನ್ ಅದೊಂದೇ. ಬೆಳಿಗ್ಗೆ ಎದ್ದು ಬಾನೆಟ್ ಎತ್ತಿ ಒಂದು ಗಂಟೆ ಅದರೊಳಗೆ ಕೈಯಾಡಿಸದಿದ್ದರೆ ಅವನಿಗೆ ದೋಸೆ ಸೇರುತ್ತಿರಲಿಲ್ಲ. ಅದೂ ಹೋದರೆ ಆ ಒಂದು ಗಂಟೆ ಅವನು ಏನು ಮಾಡುತ್ತಾನೆ ಎಂದು ನನಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿರಲಿಲ್ಲ ಎಂದು ಅವನ ಬೆನ್ನು ನೋಡಿದರೆ ತಿಳಿಯುತ್ತಿತ್ತು.

ನಾನು ಆರೋಪಿಯ ಪರವಾಗಿ ನಿಂತೆ. ಮೊದಲು ಅಡುಗೆಮನೆಗೆ ಹೋಗಿ ಅತ್ತೆಯನ್ನೇ ಪ್ರಶ್ನಿಸಿದೆ.

‘ಅತ್ತೆ, ಮಾವ ಬೇಕಂತಲೇ ನಿಲ್ಸತ್ನೆ ಅನ್ನುಕೆ ಸಾಕ್ಷಿ ಎಂತದು?’

‘ಸಾಕ್ಷಿ ಎಂತಕೆ? ಭಟ್ಕಳದ ಸರ್ಕಲ್ಲಲ್ಲಿ ನಿಲ್ಲುದಿಲ್ಲ. ಟೋಲಲ್ಲಿ ನಿಲ್ಲುದಿಲ್ಲ. ಹೊನ್ನಾವರದಲ್ಲೇ ನಿಲ್ತದೆ. ಕಾರಿಗೆ ಎಂತ ಓದುಕೆ ಬತ್ತದಾ, ಬೋರ್ಡ್ ನೋಡಿ ನಿಲ್ಲುಕೆ?’

ಒಳ್ಳೆಯ ವಾದ. ಇದಕ್ಕಿಂತ ಸಪ್ಪೆ ವಾದಗಳಿಗೆ ಬಹುಮಾನ ಬಂದದ್ದನ್ನು ನಾನು ನೋಡಿದ್ದೇನೆ. ಆದರೆ ಅತ್ತೆ ಒಂದು ಉಪಕಾರ ಮಾಡಿದಳು: ಕಾರು ಎಲ್ಲಿ ನಿಲ್ಲುವುದಿಲ್ಲ ಎಂದು ಹೇಳಿಬಿಟ್ಟಳು.

ನನ್ನ ಮೊದಲ ಸಿದ್ಧಾಂತ ಬಿಸಿಲಿನದು. ಬೆಳಕೆಯಿಂದ ಹೊನ್ನಾವರಕ್ಕೆ ಒಂದು ಗಂಟೆಯ ದಾರಿ. ಎಂಜಿನ್ ಕಾದು ಕೊಳವೆಯಲ್ಲೇ ಪೆಟ್ರೋಲು ಆವಿಯಾಗುತ್ತದೆ, ಅದಕ್ಕೇ ನಿಲ್ಲುತ್ತದೆ ಎಂದು ಮೊಬೈಲಿನಲ್ಲಿ ನೋಡಿ ತಿಳಿದುಕೊಂಡೆ. ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಬೇಕು ಎಂದು ಮಾವನಿಗೆ ಅಪ್ಪಣೆ ಕೊಡಿಸಿದೆ. ಅವನು ನನ್ನನ್ನು ‘ಮೊಬೈಲ್ ಮೇಸ್ತ್ರಿ’ ಎಂದು ಕರೆದರೂ ಸುತ್ತಿದ. ಮೊದಲನೇ ಸಂತೆಯ ದಿನ ಮುರ್ಡೇಶ್ವರದ ತಿರುವಿನಲ್ಲಿ ಇಳಿದು ಬಟ್ಟೆಗೆ ಮತ್ತೆ ನೀರು ಹೊಯ್ದೆ. ಸೇತುವೆ ದಾಟಿ ಹೊನ್ನಾವರದ ಸರ್ಕಲ್ಲಿಗೆ ಬಂದೆವು. ಕಾರು ಎರಡು ಸಲ ಕೆಮ್ಮಿ ನಿಂತಿತು.

ಅತ್ತೆ ಕೊಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಅಷ್ಟೆ.

ಬಟ್ಟೆ ಮುಟ್ಟಿ ನೋಡಿದೆ. ಇನ್ನೂ ತಣ್ಣಗಿತ್ತು. ಪಂಪು ತಣ್ಣಗಿದ್ದು ಎಂಜಿನ್ ಸತ್ತಿದೆ ಎಂದರೆ ಬಿಸಿಲಿನ ಸಿದ್ಧಾಂತವೂ ಅದರ ಜೊತೆಗೇ ಸತ್ತಿತು. ವೇದಿಕೆಯಲ್ಲಾಗಿದ್ದರೆ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿ ದಕ್ಕಿಸಿಕೊಳ್ಳುತ್ತಿದ್ದೆ. ಕಾರು ಗಟ್ಟಿ ದನಿಗೆ ಸೊಪ್ಪು ಹಾಕುವುದಿಲ್ಲ. ಸುಮ್ಮನೆ ಮಾವನ ಪಕ್ಕದಲ್ಲಿ ನಿಂತು ಅವನ ಕೈ ನೋಡುತ್ತಿದ್ದೆ. ಕಾರ್ಬೊರೇಟರಿನ ಎರಡು ನಟ್ಟುಗಳಿಗೆ ಅವನು ಪಾನಾ ಹಾಕಿದ. ಒಂದು ಅರ್ಧ ಸುತ್ತು ತಿರುಗಿತು, ಇನ್ನೊಂದು ಅದಕ್ಕಿಂತ ಹೆಚ್ಚು.

‘ಮಾವ, ಬೆಳಿಗ್ಗೆ ಹೊರಡುವಾಗ ಇದ್ರ ಬಿಗಿದಿದ್ಯಲ?’

‘ಬಿಗಿದಿದ್ದೆ.’

‘ಹಾಂಗಾರೆ ಈಗ ಎಂತಕೆ ತಿರಗ್ತದೆ?’

‘ನಟ್ಟು ಅಂದ್ಮೇಲೆ ತಿರಗ್ತದೆ ಮಾರಾಯ್ತಿ. ತಿರಗುಕೇ ಮಾಡಿದ್ದು ಅದ್ರ.’

ಈ ಉತ್ತರ ಕೇಳಿ ನಾನು ಸರ್ಕಲ್ಲಿನ ನಡುವೆಯೇ ನಕ್ಕುಬಿಟ್ಟೆ. ಆಮೇಲೆ ಯೋಚಿಸಿದಾಗ ನಗುವ ವಿಷಯವಲ್ಲ ಎಂದು ತೋರಿತು. ಬೋಟಿನಲ್ಲಿ ಹೊರಡುವ ಮೊದಲು ದಿನಾ ಪಾನಾ ಹಿಡಿದು ಒಂದು ಸುತ್ತು ಬರಬೇಕು, ಎಲ್ಲ ನಟ್ಟುಗಳನ್ನೂ ಬಿಗಿಯಬೇಕು. ಅದು ಅಲ್ಲಿನ ಕ್ರಮ. ನಟ್ಟು ಸಡಿಲವಾಗುವುದು ಮಾವನ ಮಟ್ಟಿಗೆ ಒಂದು ದೋಷವೇ ಆಗಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜಿದ ಹಾಗೆ ಬಿಗಿಯುವ ಕೆಲಸ ಅದು. ಆದ್ದರಿಂದ ಕಾರು ಯಾಕೆ ನಿಂತಿತು ಎಂದು ಯೋಚಿಸುವಾಗ ಅವನು ಪೆಟ್ರೋಲು, ಪ್ಲಗ್ಗು, ಬ್ಯಾಟರಿ ಎಲ್ಲದರ ಮೇಲೂ ಅನುಮಾನ ಪಟ್ಟಿದ್ದ, ತಾನು ದಿನಾ ಬಿಗಿಯುತ್ತಿದ್ದ ಆ ಎರಡು ನಟ್ಟುಗಳ ಮೇಲೆ ಮಾತ್ರ ಪಟ್ಟಿರಲಿಲ್ಲ.

ಮರುದಿನ ಅಂಗಳದಲ್ಲಿ ಪರೀಕ್ಷೆ ನಡೆಸಿದೆವು. ನಟ್ಟುಗಳನ್ನು ಮುಟ್ಟದೆ ಭಟ್ಕಳದ ತನಕ ಎರಡು ಸಲ ಹೋಗಿ ಬಂದು, ಎಂಜಿನ್ ಬಿಸಿ ಇರುವಾಗಲೇ ಬಾನೆಟ್ ಎತ್ತಿ ಸುಮ್ಮನೆ ಓಡಲು ಬಿಟ್ಟೆವು. ಕಿವಿ ಹತ್ತಿರ ತಂದರೆ ಹಾವಿನ ಉಸಿರಿನಂಥ ಸಣ್ಣ ಸದ್ದು. ನಾನು ಒಂದು ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಕಾರ್ಬೊರೇಟರಿನ ಬುಡದ ಸುತ್ತ ಹನಿ ಹನಿಯಾಗಿ ನೀರು ಬಿಟ್ಟೆ. ಒಂದು ಮೂಲೆಯ ಸಂದಿ ನೀರನ್ನು ಒಳಗೆ ಎಳೆದುಕೊಂಡಿತು. ಸದ್ದು ನಿಂತಿತು, ಎಂಜಿನ್ನಿನ ದನಿ ಒಂದು ಕ್ಷಣ ನೇರವಾಯಿತು. ನೀರು ಆರಿದ ಕೂಡಲೇ ಮತ್ತೆ ಅದೇ ಎಡವಟ್ಟು ದನಿ.

ಮಾವನ ಮುಖ ನೋಡಬೇಕಿತ್ತು. ‘ಗಾಳಿ ಎಳೀತಾ ಉಂಟು’ ಅಂದ, ತನ್ನಷ್ಟಕ್ಕೆ.

ಬಿಚ್ಚಿದೆವು. ಎರಡೂ ನಟ್ಟುಗಳ ಒಳಮೈಯಲ್ಲಿ ಗ್ರೀಸು. ನಟ್ಟು ಕೂರುವ ಬೋಲ್ಟುಗಳ ಮೇಲೆ ಗ್ರೀಸು. ಬುಡದಲ್ಲಿ ಗಾಳಿ ನುಸುಳದ ಹಾಗೆ ತಡೆಯುವ ತೆಳ್ಳಗಿನ ಪ್ಯಾಕಿಂಗ್ ಹಾಳೆ ಇರಬೇಕಾದಲ್ಲಿ, ಬೋಟಿನ ನೀರಿನ ಪಂಪಿಗೆ ಹಾಕುವ ದಪ್ಪ ಹಾಳೆಯಿಂದ ಕತ್ತರಿಸಿದ ಎರಡು ಪದರ, ಅದಕ್ಕೂ ಗ್ರೀಸು.

‘ಇದ್ಯಾರು ಹಾಕಿದ್ದು?’

‘ಮತ್ಯಾರು? ನಾನೇ. ಗ್ರೀಸ್ ಹಾಕ್ದೇ ನಟ್ಟು ಕೂಡ್ಸುವನೂ ಒಬ್ಬ ಮನುಷ್ಯನಾ?’

ಅವನು ಹಾಗೆ ಅನ್ನುವುದಕ್ಕೆ ಕಾರಣ ಇತ್ತು. ಹರೆಯದಲ್ಲಿ ಒಮ್ಮೆ ಸಮುದ್ರದ ನಡುವೆ ಡೀಸೆಲ್ ಫಿಲ್ಟರು ಕಟ್ಟಿಕೊಂಡು ಬೋಟು ನಿಂತಿತಂತೆ. ಫಿಲ್ಟರಿನ ನಟ್ಟು ಉಪ್ಪಿಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಿಚ್ಚಲು ಹೋಗಿ ತಲೆ ಸವೆಯಿತು. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಗಾಳಿ ಒಯ್ದ ಕಡೆ ಹೋದರು. ಇನ್ನೊಂದು ಬೋಟು ಕಂಡು ಹಗ್ಗ ಕಟ್ಟಿ ಎಳೆದುತಂದಿತು. ಆ ದಿನದಿಂದ ಅವನು ಗ್ರೀಸಿನ ಡಬ್ಬಿಗೆ ಅದ್ದದೆ ಒಂದು ನಟ್ಟನ್ನೂ ಕೂರಿಸಿಲ್ಲ. ಮನೆಯ ಬಾಗಿಲ ಚಿಲಕಕ್ಕೂ ಗ್ರೀಸು, ಅತ್ತೆಯ ಹೊಲಿಗೆ ಯಂತ್ರಕ್ಕೂ ಗ್ರೀಸು.

‘ಮಾವ, ಬೋಟಿನಲ್ಲಿ ನಟ್ಟು ಬಿಚ್ಚುದಿಲ್ಲ ಅಂತ ಹೆದ್ರಿಕೆ. ಇಲ್ಲಿ ತಾನಾಗಿ ಬಿಚ್ಕಂತದೆ ಅಂತ ಹೆದ್ರಿಕೆ. ಎರಡಕ್ಕೂ ಒಂದೇ ಮದ್ದು ಆಗುದು ಹ್ಯಾಂಗೆ?’

ಅವನು ಬಹಳ ಹೊತ್ತು ನಟ್ಟನ್ನು ಬೆರಳಲ್ಲಿ ತಿರುಗಿಸಿದ. ಜಾರಿಕೊಂಡು ತಿರುಗುತ್ತಿತ್ತು. ದಪ್ಪ ಹಾಳೆ ಬಿಸಿಗೆ ಕುಗ್ಗುತ್ತದೆ, ಕುಗ್ಗಿದಷ್ಟು ನಟ್ಟು ಸಡಿಲ, ಗ್ರೀಸು ಇರುವುದರಿಂದ ಅದುರುವಿಕೆಗೆ ಇನ್ನಷ್ಟು ಸಡಿಲ. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಎಂಜಿನ್ನಿನ ಜೊತೆ ಅಷ್ಟು ವರ್ಷ ಕಳೆದವನಿಗೆ ಬೆರಳೇ ಹೇಳಿತು.

ಭಟ್ಕಳಕ್ಕೆ ಹೋಗಿ ತೆಳ್ಳನೆಯ ಪ್ಯಾಕಿಂಗ್ ತಂದೆವು, ಎರಡು ಸ್ಪ್ರಿಂಗ್ ವಾಶರ್ ತಂದೆವು. ಒಂದು ಕಡೆ ಸೀಳಿ, ತುದಿಗಳನ್ನು ಸ್ವಲ್ಪ ಮೇಲೆ ಕೆಳಗೆ ಬಾಗಿಸಿದ ಉಕ್ಕಿನ ಸಣ್ಣ ಬಳೆ ಅದು. ನಟ್ಟಿನ ಕೆಳಗೆ ಕೂತು ಅದನ್ನು ಒತ್ತಿ ಹಿಡಿಯುತ್ತದೆ. ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯುವಾಗ ಮಾವ ತಲೆ ಬೇರೆ ಕಡೆ ತಿರುಗಿಸಿದ. ‘ಉಪ್ಪುಗಾಳಿಗೆ ಬರೀ ಮೈಯಲ್ಲಿ ಬಿಟ್ಟ ಹಾಂಗೆ’ ಅಂದ. ಎರಡು ತಿಂಗಳಿಗೊಮ್ಮೆ ನಾನೇ ಬಿಚ್ಚಿ ತುಕ್ಕು ನೋಡುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಒಪ್ಪಿದ್ದು.

ಸಂಜೆ ಅತ್ತೆಯ ಎದುರು ವಾದ ಮಂಡಿಸಿದೆ. ಓಡುವಾಗ ಎಂಜಿನ್ ಬೇಕಾದಷ್ಟು ಎಳೆದುಕೊಳ್ಳುತ್ತದೆ, ಸಣ್ಣ ಸಂದಿಯಿಂದ ಬರುವ ಗಾಳಿ ಅದಕ್ಕೆ ಲೆಕ್ಕಕ್ಕಿಲ್ಲ. ನಿಂತು ಕಾಯುವಾಗ ಮಾತ್ರ ಆ ಗಾಳಿ ಹೆಚ್ಚಾಗಿ ಪೆಟ್ರೋಲು ತೆಳುವಾಗುತ್ತದೆ, ಎಂಜಿನ್ ಸಾಯುತ್ತದೆ. ಭಟ್ಕಳದ ಸರ್ಕಲ್ಲಿನಲ್ಲಿ ಯಾಕಿಲ್ಲ? ಮನೆಯಿಂದ ಹೊರಟು ಆಗಷ್ಟೇ ಹತ್ತು ನಿಮಿಷ, ತಣ್ಣಗಿನ ಎಂಜಿನ್ನಿಗೆಂದು ಚೋಕ್ ಎಳೆದೇ ಇರುತ್ತದೆ, ಪೆಟ್ರೋಲು ಹೆಚ್ಚು ಹೋಗುತ್ತಿರುತ್ತದೆ. ಆಮೇಲೆ ಹೆದ್ದಾರಿಯಲ್ಲಿ ಓಟವೇ ಓಟ. ಬಿಸಿ ಎಂಜಿನ್ನಿನಲ್ಲಿ, ಚೋಕ್ ಇಲ್ಲದೆ, ಮೊದಲ ಸಲ ಗಟ್ಟಿಯಾಗಿ ಕಾಯಬೇಕಾದ ಜಾಗ ಹೊನ್ನಾವರದ ಸರ್ಕಲ್. ಕುಮಟಾದಿಂದ ಬರುವಾಗಲೂ ಅದೇ ಲೆಕ್ಕ.

‘ಟೋಲು?’ ಅಂದಳು ಅತ್ತೆ.

‘ಟೋಲಲ್ಲಿ ಅರ್ಧ ನಿಮಿಷ. ಅಲ್ಲಿ ಮಾವ ಹೆದ್ರಿ ಆಕ್ಸಿಲರೇಟರ್ ಒತ್ತಕಂಡೇ ಇರ್ತ.’

‘ಅಲ್ಲಿ ಒತ್ತುಕೆ ಬತ್ತದೆ, ಇಲ್ಲಿ ಬರುದಿಲ್ಲ.’

ನಾನು ಮಾತು ಬಿಟ್ಟು, ಇನ್ನೂ ಕೂರಿಸಿರದ ಒಂದು ವಾಶರನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದಳು, ಕಿರುಬೆರಳಿಗೆ ತೊಡಿಸಿ ನೋಡಿದಳು.

‘ಈ ಬಳೆ ಚೂರು ಇಲ್ದಿದ್ರೆ, ನಟ್ಟು ಸಡಿಲ ಇದ್ರೆ, ಹೊನ್ನಾವರದಲ್ಲೇ ನಿಲ್ತದೆ ಅಂತ್ಯಾ?’

‘ಹೌದು.’

‘ಎಷ್ಟ್ ಸಡಿಲ?’

‘ಒಂದು ಸುತ್ತು ಸಾಕು.’

‘ಹೂಂ’ ಅಂದಳು. ಪಾಟೀಸವಾಲು ಅಂದರೆ ಹೀಗಿರಬೇಕು ಎಂದು ನನಗೆ ಖುಷಿಯಾಯಿತು.

ಎರಡನೇ ಸಂತೆಯ ದಿನ ಬೆಳಿಗ್ಗೆ ಮೂಟೆ ತುಂಬಿಕೊಂಡು ಹೊರಟೆವು. ಶರಾವತಿಯ ಸೇತುವೆಯ ಮೇಲೆ ಮಾವ ಗೇರು ಬದಲಿಸಿದ ಸದ್ದು ಕೇಳಿ ನಾನು ಮೊಬೈಲ್ ಕೆಳಗಿಟ್ಟೆ. ಸರ್ಕಲ್ಲಿನಲ್ಲಿ ಒಂದು ಉದ್ದದ ಲಾರಿ ತಿರುಗಲಾರದೆ ಅಡ್ಡ ನಿಂತಿತ್ತು. ಮಾವ ಬ್ರೇಕು ಹಾಕಿದ. ಆಮೇಲೆ ಅವನು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಗೇರು ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಎರಡೂ ಕಾಲುಗಳನ್ನು ಹಿಂದಕ್ಕೆ ತೆಗೆದು ಸೀಟಿನ ಬುಡಕ್ಕೆ ಒತ್ತಿ, ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ನೋಡಿ, ನಾನು ಏನನ್ನೂ ಮುಟ್ಟುತ್ತಿಲ್ಲ ಎನ್ನುವ ಹಾಗೆ. ಚಹಾದಂಗಡಿಯಿಂದ ಯಾರೋ ಕೈಬೀಸಿದರು. ಅವನು ಆ ಕಡೆ ತಿರುಗಲಿಲ್ಲ.

ಲಾರಿ ಹಿಂದೆ ಬಂತು, ಮುಂದೆ ಹೋಯಿತು, ಮತ್ತೆ ಹಿಂದೆ ಬಂತು. ಎಂಜಿನ್ ಹೊಲಿಗೆ ಯಂತ್ರದ ಹಾಗೆ ಓಡುತ್ತಲೇ ಇತ್ತು.

ಲಾರಿ ದಾಟಿದ ಮೇಲೆ ಮಾವ ‘ಆತು’ ಅಂದ. ಅಷ್ಟೇ. ಆ ದಿನ ಅತ್ತೆಯ ಗೋಣಿ ಮಾವಿನ ಮರದ ಕೆಳಗೆ, ಕಾಂಡಕ್ಕೆ ತಾಗಿ ಹಾಸಿಕೊಂಡಿತು. ಬಿಡಿಭಾಗದ ವ್ಯಾಪಾರಿ ಬಂದು ಕೇಳಿದಾಗ ಮಾವ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದು ಬೇಡ.

ಬರುವಾಗಲೂ ನಿಲ್ಲಲಿಲ್ಲ. ಸರ್ಕಲ್ಲಿನ ಆಚೆ ರಸ್ತೆಯಂಚಿನಲ್ಲಿ ಬೆಳಚಿನವಳು ಬುಟ್ಟಿ ಇಳಿಸಲು ತಯಾರಾಗಿ ಕೈ ಮೇಲೆತ್ತಿದ್ದಳು. ನಾವು ಅವಳನ್ನು ದಾಟಿ ಸೇತುವೆಗೆ ಏರಿದೆವು. ಅತ್ತೆ ಕುತ್ತಿಗೆ ತಿರುಗಿಸಿ ಹಿಂದಿನ ಗಾಜಿನಲ್ಲಿ ಬಹಳ ಹೊತ್ತು ನೋಡುತ್ತಿದ್ದಳು. ಅವಳು ನನ್ನನ್ನು ಮೆಚ್ಚಿ ನೋಡುತ್ತಿದ್ದಾಳೆ ಎಂದುಕೊಂಡು ನಾನು ಮುಗುಳ್ನಕ್ಕೆ.

ಆ ಮಳೆಗಾಲ ಮನೆಯಲ್ಲಿ ಸುಖವಾಗಿತ್ತು. ಮಾವನ ಬೆಳಗಿನ ಒಂದು ಗಂಟೆ ಹಾಗೇ ಉಳಿಯಿತು. ಬಿಗಿಯಲು ಏನೂ ಇಲ್ಲದಿದ್ದರೂ ಬಾನೆಟ್ ಎತ್ತಿ ಕೂತು ಎಂಜಿನ್ನಿನ ಸದ್ದು ಕೇಳುತ್ತ ದೋಸೆ ತಿನ್ನುತ್ತಿದ್ದ. ಎರಡು ತಿಂಗಳಿಗೆ ನಟ್ಟು ಬಿಚ್ಚಿದೆ, ತುಕ್ಕು ಇರಲಿಲ್ಲ. ಚಹಾದ ಆರೋಪಕ್ಕೂ ಉತ್ತರ ಸಿಕ್ಕಿತು: ಕಾರು ಸರಿಯಾದ ಮೇಲೆ ಮಾವ ಹೊನ್ನಾವರದಲ್ಲಿ ಒಂದು ದಿನವೂ ನಿಲ್ಲಿಸಲಿಲ್ಲ. ‘ಬೇಕಾದ್ರೆ ನಿಲ್ಸು ಮಾವ, ಚಾ ಕುಡ್ಕಂಡು ಹೋಗುವ’ ಎಂದು ನಾನೇ ಅಂದರೆ, ‘ಓಡೋ ಎಂಜಿನ್ನ ಯಾರಾದ್ರೂ ನಿಲ್ಸತ್ರಾ?’ ಅನ್ನುತ್ತಿದ್ದ. ಚಹಾವನ್ನು ಮನೆಯಿಂದಲೇ ಥರ್ಮಾಸಿನಲ್ಲಿ ತರುತ್ತಿದ್ದ. ಇದನ್ನು ಅತ್ತೆಗೆ ಎತ್ತಿ ತೋರಿಸಿದರೆ ಅವಳು ಕಿಟಕಿಯಾಚೆ ನೋಡುತ್ತ, ‘ಆತಲ್ಲ, ಗೆದ್ಯಲ್ಲ’ ಅನ್ನುತ್ತಿದ್ದಳು. ಒಂದು ಸಲ ಮಾತ್ರ, ಸೇತುವೆ ದಾಟಿದ ಮೇಲೆ, ‘ಬೆಳಚಿನವಳು ಕಂಡ್ಳಾ?’ ಎಂದು ಕೇಳಿದಳು. ನಾನು ನೋಡಿರಲಿಲ್ಲ.

ಮಳೆ ಮುಗಿದು, ಅಂಗಳದಲ್ಲಿ ಮತ್ತೆ ಮೀನು ಒಣಗತೊಡಗಿದ ಮೇಲಿನ ಮಾತು. ಕಾಲೇಜಿಗೆ ರಜೆ ಇದ್ದ ಒಂದು ಸಂತೆಯ ದಿನ ನಾನೂ ಜೊತೆಗಿದ್ದೆ. ವ್ಯಾಪಾರ ಬೇಗ ಮುಗಿಯಿತು. ಮಾವ ಕ್ಷೌರಕ್ಕೆ ಹೋದ, ನಾನು ಪುಸ್ತಕದಂಗಡಿಗೆ ಹೋದೆ, ಅತ್ತೆ ಖಾಲಿ ಗೋಣಿಗಳ ಜೊತೆ ಕಾರಿನ ಹತ್ತಿರ ಉಳಿದಳು. ಹೊರಡುವಾಗ ಬಿಡಿಭಾಗದವನು ಮತ್ತೆ ಎದುರಾಗಿ, ‘ಇನ್ನೂ ಓಡ್ತದಾ?’ ಅಂದ. ‘ಗಾಳಿ ಹಾಂಗೆ’ ಅಂದ ಮಾವ.

ಹೊನ್ನಾವರದ ಸರ್ಕಲ್ಲಿನಲ್ಲಿ ಒಂದು ಬಸ್ಸು ತಿರುಗುವುದನ್ನು ಕಾಯುತ್ತಿದ್ದಾಗ ಕಾರು ಎರಡು ಸಲ ಕೆಮ್ಮಿತು. ನಿಂತಿತು.

ಮಾವ ಸ್ಟೀರಿಂಗ್ ಬಿಡಲೇ ಇಲ್ಲ. ಅವನ ಹೊಸ ಕ್ಷೌರದ ಕುತ್ತಿಗೆ ಬೆವರಿತು. ಅವನು ನೋಡಿದ್ದು ಕಾರನ್ನಲ್ಲ, ಅತ್ತೆಯನ್ನು. ಚಾವಿಯ ಮಾತು ಇನ್ನೂ ಜಾರಿಯಲ್ಲಿದೆಯೋ ಇಲ್ಲವೋ ಎಂದು ನಾವ್ಯಾರೂ ಅವಳನ್ನು ಕೇಳಿರಲಿಲ್ಲ.

‘ಇರ್ಲಿ ಬಿಡಿ’ ಅಂದಳು ಅತ್ತೆ. ‘ಹಳೇ ಕಾರು. ಒಂದೊಂದ್ಸಲ ನಿಲ್ತದೆ. ನೀವು ಹೋಗಿ ಚಾ ಕುಡ್ಕಂಡು ಬನ್ನಿ.’

ಮಾವ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರೂ ಸೇರಿ ಕಾರನ್ನು ರಸ್ತೆಯಂಚಿಗೆ ತಳ್ಳಿದೆವು. ಅವನು ಅಪ್ಪಣೆ ಸಿಕ್ಕಿದವನಂತೆ, ಎರಡು ಸಲ ತಿರುಗಿ ನೋಡಿಕೊಂಡು ಅಂಗಡಿಗೆ ಹೋದ. ನಾನು ಬಾನೆಟ್ ಎತ್ತಿದೆ. ಕಾರ್ಬೊರೇಟರಿನ ಮುಂದಿನ ನಟ್ಟು ಬೆರಳಿಗೇ ತಿರುಗಿತು. ಸರಿಯಾಗಿ ಒಂದು ಸುತ್ತು. ಅದರ ಕೆಳಗೆ ವಾಶರ್ ಇರಲಿಲ್ಲ. ಬೆಳಿಗ್ಗೆ ಹೊರಡುವಾಗ ಇತ್ತು, ಮಾವ ಅದರ ಮೇಲೆ ಬೆರಳಾಡಿಸಿದ್ದನ್ನು ನಾನೇ ನೋಡಿದ್ದೆ. ಸ್ಪ್ರಿಂಗ್ ವಾಶರ್ ನಟ್ಟಿನ ಕೆಳಗಿನಿಂದ ತಾನಾಗಿ ಹಾರಿಹೋಗುವುದಿಲ್ಲ. ಯಾರೋ ನಟ್ಟನ್ನು ಪೂರ್ತಿ ಬಿಚ್ಚಿ, ವಾಶರನ್ನು ತೆಗೆದು, ನಟ್ಟನ್ನು ಮತ್ತೆ ಕೂರಿಸಿ, ಒಂದು ಸುತ್ತು ಸಡಿಲ ಬಿಟ್ಟಿರಬೇಕು. ಮಾವ ಎನ್ನೋಣವೆಂದರೆ ಅವನು ಕ್ಷೌರದ ಕುರ್ಚಿಯಲ್ಲಿದ್ದ.

ಅಷ್ಟರಲ್ಲಿ ಬೆಳಚಿನವಳು ಓಡೋಡಿ ಬಂದಳು.

‘ಅಯ್ಯೋ ಮಾರಾಯ್ತಿ! ಬದ್ಕಿದ್ಯಾ? ಆರು ತಿಂಗಳಾತು! ಕಾರು ಹೊಸದು ತಕಂಡ್ರಿ ಅಂದ್ಕಂಡಿದ್ದೆ.’

‘ಹೊಸದೆಲ್ಲಿಂದ ಬರ್ಬೇಕು? ಅದೇ ಮುರ್ಕಲು. ಕೂತ್ಕಾ, ಕೂತ್ಕಾ. ಮಗಳ ಬಾಣಂತನ ಆತಾ?’

ಅತ್ತೆ ಬಾಗಿಲು ತೆಗೆದು, ಬೆಂಚಿನಂಥ ಸೀಟಿನಲ್ಲಿ ಸರಿದು ಅವಳಿಗೆ ಜಾಗ ಮಾಡಿದಳು. ಬುಟ್ಟಿ ಕೆಳಗಿಳಿಯಿತು. ಇಬ್ಬರೂ ಕಾರಿಗೆ ಬೈಯಲು ಶುರುಮಾಡಿದರು. ಇಷ್ಟು ವರ್ಷ ‘ನಿಲ್ಲಬಾರದು, ನಿಲ್ಲಬಾರದು’ ಎಂದು ವಾದಿಸಿದವಳು ಒಂದು ದಿನ ಬಾಯಿಬಿಟ್ಟು ‘ನಿಲ್ಸಿ’ ಅನ್ನುವುದು ಎಷ್ಟು ಕಷ್ಟ ಎಂದು, ಹಿಡಿದ ಪಕ್ಷವನ್ನು ಯಾವತ್ತೂ ಬಿಡದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಅದು ಬರೀ ಅನುಮಾನ. ಅನುಮಾನಕ್ಕೆ ಸಾಕ್ಷಿ ಬೇಕು.

ಅತ್ತೆ ಗೆಳತಿಗೆ ಕವಳ ಕೊಡಲು ಸೊಂಟದ ಸಂಚಿ ತೆಗೆದು ತೊಡೆಯ ಮೇಲೆ ಬಿಚ್ಚಿದಳು. ವೀಳ್ಯದೆಲೆ, ಸುಣ್ಣದ ಡಬ್ಬಿ, ಅಡಿಕೆಯ ಹೋಳುಗಳು. ಹೋಳುಗಳ ನಡುವೆ, ಒಂದು ಕಡೆ ಸೀಳಿದ, ಉಕ್ಕಿನ ಸಣ್ಣ ಬಳೆ ಹೊಳೆಯಿತು. ಅವಳೂ ನೋಡಿದಳು, ನಾನು ನೋಡಿದ್ದನ್ನೂ ನೋಡಿದಳು. ಅಡಿಕೆಯೊಂದನ್ನು ಆರಿಸಿ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು.

ಅಂಗಡಿಯ ಬೆಂಚಿನ ಮೇಲೆ ಮಾವ ಎರಡೂ ಕೈಯಲ್ಲಿ ಗ್ಲಾಸು ಹಿಡಿದು ಏನೋ ಹೇಳುತ್ತಿದ್ದ, ಸುತ್ತಲಿನವರು ನಗುತ್ತಿದ್ದರು. ನನ್ನ ಕೈಯಲ್ಲಿ ಪಾನಾ ಇತ್ತು. ಐದು ನಿಮಿಷದ ಕೆಲಸ. ನಾನು ಕಿಟಕಿಯ ಹತ್ತಿರ ಬಗ್ಗಿ, ಬೆಳಚಿನವಳಿಗೆ ಕೇಳದಷ್ಟು ಮೆಲ್ಲಗೆ ಕೇಳಿದೆ:

‘ಅತ್ತೆ, ಅದ್ರ ಈಗ್ಲೇ ಕೊಡ್ತ್ಯಾ, ಇಲ್ಲಾ ಇನ್ನೂ ಸ್ವಲ್ಪ ಹೊತ್ತು ಬೇಕಾ?’